ಕಳೆದುಹೋಗಬೇಕಾ? ಮೊದಲು ಪರ್ಮಿಟ್ ಮಾಡಿಸಿ

ಕ್ಯಾಲಿಫೋರ್ನಿಯಾದ ಉತ್ತರ ಭಾಗದಲ್ಲಿ ಒಂದು ಕರಾವಳಿ ಕಳೆದುಹೋಗಿದೆ. ಹೆಸರೇ ಲಾಸ್ಟ್ ಕೋಸ್ಟ್. ಗಾಬರಿಯಾಗಬೇಡಿ, ಪೊಲೀಸ್ ದೂರು ಕೊಡುವಂಥದ್ದೇನಿಲ್ಲ. ಫೋನಿನಲ್ಲಿ ಕೇಳಿದರೆ ದಾರಿ ಯಾವುದು, ಕಾರು ಎಲ್ಲಿ ನಿಲ್ಲಿಸಬೇಕು ಎಂದೆಲ್ಲ ಹೇಳುತ್ತದೆ. ಕಳೆದುಹೋದದ್ದು ಇಷ್ಟು ಸಲೀಸಾಗಿ ಸಿಗುವುದು ಇಲ್ಲಿ ಮಾತ್ರ.

ಕಳೆದದ್ದಾದರೂ ಹೇಗೆ? ಸಮುದ್ರದ ಪಕ್ಕದಲ್ಲೇ ಓಡಿ ಬರುವ ಹೆದ್ದಾರಿ 1, ರಾಕ್‌ಪೋರ್ಟ್ ಎಂಬ ಊರು ದಾಟುತ್ತಲೇ ಒಳನಾಡಿಗೆ ತಿರುಗಿಬಿಡುತ್ತದೆ. ಎದುರಿಗೆ ಕಿಂಗ್ ರೇಂಜ್ ಬೆಟ್ಟಗಳು. ಅಲ್ಲಿನ ಕಿಂಗ್ ಪೀಕ್ ಎಂಬ ಶಿಖರ 4,088 ಅಡಿ ಎತ್ತರ, ಸಮುದ್ರಕ್ಕೆ ಸುಮಾರು ಮೂರೇ ಮೈಲಿ. ಇಂಥ ಕಡಿದಾದ ಜಾಗದಲ್ಲಿ ರಸ್ತೆ ಆಗೋದಿಲ್ಲ ಅಂತ ಕೈಬಿಟ್ಟರು. ರಸ್ತೆ ಇಲಾಖೆಯೊಂದು ಏನೂ ಮಾಡದೆಯೇ ಇಷ್ಟು ಒಳ್ಳೆಯ ಕೆಲಸ ಮಾಡಿದ್ದು ನನಗೆ ಗೊತ್ತಿರುವ ಹಾಗೆ ಇದೊಂದೇ.

ಇಲ್ಲಿ ಪುಂಟಾ ಗೋರ್ಡಾ ಎಂಬಲ್ಲಿ 1912ರಲ್ಲಿ ಒಂದು ದೀಪಸ್ತಂಭ ಶುರುವಾಯಿತು. ರಸ್ತೆ ಇಲ್ಲ. ದಿನಸಿ ಬೇಕಾದರೆ ಕುದುರೆ ಹತ್ತಿ ಪೆಟ್ರೋಲಿಯಾ ಎಂಬ ಊರಿಗೆ ಹೋಗಬೇಕು. ಮಳೆಗಾಲದಲ್ಲಿ ಹಳ್ಳ ಉಕ್ಕಿದರೆ ಅದೂ ಇಲ್ಲ. ಬೇರೆ ಕಡೆ ತಪ್ಪು ಮಾಡಿ ಸಿಕ್ಕಿಬಿದ್ದ ಕಾವಲುಗಾರರನ್ನು ಇಲ್ಲಿಗೆ ಎತ್ತಂಗಡಿ ಮಾಡುತ್ತಿದ್ದರಂತೆ. ಹಾಗಾಗಿ ಇದಕ್ಕೆ ಬಿದ್ದ ಅಡ್ಡಹೆಸರು 'ದೀಪಸ್ತಂಭಗಳ ಅಲ್ಕಾಟ್ರಾಝ್'. ಅಲ್ಕಾಟ್ರಾಝ್ ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಕುಖ್ಯಾತ ದ್ವೀಪ ಜೈಲು. 1951ರಲ್ಲಿ ದೀಪ ಆರಿತು, ಶಿಕ್ಷೆಯೂ ಮುಗಿಯಿತು.

ಮುಗಿಯಿತು ಅಂದುಕೊಂಡಿರಾ? ಈಗ ಅದೇ ತೀರದಲ್ಲಿ ದಿನಗಟ್ಟಲೆ ನಡೆಯಲು ಜನ ಆನ್‌ಲೈನಿನಲ್ಲಿ ಅರ್ಜಿ ಹಾಕುತ್ತಾರೆ. 1970ರಲ್ಲಿ ಕಿಂಗ್ ರೇಂಜನ್ನು ಸಂರಕ್ಷಿತ ಪ್ರದೇಶ ಮಾಡಿದರು, 'ನ್ಯಾಷನಲ್ ಕನ್ಸರ್ವೇಶನ್ ಏರಿಯಾ' ಎಂಬ ಬಗೆಯದರಲ್ಲಿ ದೇಶಕ್ಕೇ ಮೊದಲನೆಯದು. ರಾತ್ರಿ ತಂಗಬೇಕೆಂದರೆ ಪರ್ಮಿಟ್ ಕಡ್ಡಾಯ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಅದು ಸರಿಯೇ, ಇಲ್ಲದಿದ್ದರೆ ಮರಳು ಕಾಣುತ್ತಿರಲಿಲ್ಲ. ಆದರೂ ನೋಡಿ: ಯಾವತ್ತು ಕಳೆದುಹೋಗುತ್ತೀರಿ, ಎಲ್ಲಿಂದ ಕಳೆದುಹೋಗುತ್ತೀರಿ, ಒಟ್ಟು ಎಷ್ಟು ಜನ ಕಳೆದುಹೋಗುತ್ತೀರಿ, ಎಲ್ಲ ಮೊದಲೇ ಬರೆದುಕೊಡಬೇಕು. ಹಿಂದೆ ಮೇಲಧಿಕಾರಿಗೆ ಸಿಟ್ಟು ಬಂದರೆ ಇಲ್ಲಿಗೆ ಕಳಿಸುತ್ತಿದ್ದ. ಈಗ ಅದೇ ಮೇಲಧಿಕಾರಿಯ ಕೈಕಾಲು ಹಿಡಿದು ರಜೆ ಪಡೆದು ಬರಬೇಕು.

ಬಂದ ಮೇಲೆ ಸ್ವಾತಂತ್ರ್ಯವೇ ಸ್ವಾತಂತ್ರ್ಯ. ತಿನ್ನುವುದನ್ನೆಲ್ಲ ಕರಡಿಗೆ ತೆರೆಯಲಾಗದ ಗಟ್ಟಿ ಡಬ್ಬಿಯಲ್ಲಿ ತುಂಬಬೇಕು, ಇದೂ ಕಡ್ಡಾಯ. ಸುಸ್ತಾದ ಮನುಷ್ಯನಿಗೂ ಅದನ್ನು ತೆರೆಯಲು ಹತ್ತು ನಿಮಿಷ ಹಿಡಿಯುತ್ತದೆ. ಎಲಿಫೆಂಟ್ ಸೀಲ್ ಎಂಬ ದೈತ್ಯ ಕಡಲಪ್ರಾಣಿಗಳು ದಾರಿಯಲ್ಲೇ ಮಲಗಿದ್ದರೆ ನೀವೇ ದೂರದಿಂದ ಸುತ್ತಿಕೊಂಡು ಹೋಗಬೇಕು. ಅವಕ್ಕೆ ಪರ್ಮಿಟ್ ಬೇಕಿಲ್ಲ. ಇನ್ನು ಬೆಳಗಿನ ಕೆಲಸ. ಅಲೆ ಬಂದು ತೊಳೆಯುವ ಒದ್ದೆ ಮರಳಿನಲ್ಲಿ ಗುಂಡಿ ತೋಡಿ ಕೂರಿ ಅನ್ನುತ್ತದೆ ಈ ಪ್ರದೇಶ ನೋಡಿಕೊಳ್ಳುವ ಇಲಾಖೆ. ಅಂದರೆ ಇಡೀ ತೀರದಲ್ಲಿ ಒಂದು ಮರದ ಮರೆಯೂ ಇಲ್ಲದ ಜಾಗದಲ್ಲಿ! ಏಕಾಂತ ಹುಡುಕಿಕೊಂಡು ಬಂದವರಿಗೆ ಈ ಒಂದು ಏಕಾಂತ ಮಾತ್ರ ಸಿಗುವುದಿಲ್ಲ.

ಇಲ್ಲಿನ ನಿಜವಾದ ಅಧಿಕಾರಿ ಅಂದರೆ ಸಮುದ್ರ. ದಾರಿಯಲ್ಲಿ ಎರಡು ಕಡೆ, ತಲಾ ಸುಮಾರು ನಾಲ್ಕು ಮೈಲಿ, ಉಬ್ಬರ ಬಂದರೆ ನಡೆಯಲು ಜಾಗವೇ ಇರುವುದಿಲ್ಲ. ಒಂದು ಪಕ್ಕ ಅಲೆ, ಇನ್ನೊಂದು ಪಕ್ಕ ಗೋಡೆಯಂಥ ಬೆಟ್ಟ. ಹಾಗಾಗಿ ಆಫೀಸಿನ ಗಡಿಯಾರದ ಕಾಟ ಬೇಡ ಅಂತ ಓಡಿಬಂದವರು ಜೇಬಿನಲ್ಲಿ ಉಬ್ಬರ ಇಳಿತದ ವೇಳಾಪಟ್ಟಿ ಇಟ್ಟುಕೊಂಡು, ಬೆಳಗಿನ ಜಾವ ನಾಲ್ಕಕ್ಕೆ ಅಲಾರಂ ಇಟ್ಟು ಏಳುತ್ತಾರೆ. ಆಫೀಸಿನಲ್ಲಿ ತಡವಾದರೆ ಅರ್ಧ ದಿನದ ರಜೆ ಹೋಗುತ್ತದೆ ಅಷ್ಟೇ. ಇಲ್ಲಿ ತಡವಾದರೆ ನೀವೇ ಹೋಗುತ್ತೀರಿ. ಇದು ತಮಾಷೆಯ ಮಾತಲ್ಲ, ಅಲೆಗೆ ಸಿಕ್ಕಿ ಸತ್ತವರಿದ್ದಾರೆ.

ಇಷ್ಟೆಲ್ಲ ಆಗಿ ಎದುರಿನಿಂದ ಇನ್ನೊಂದು ಗುಂಪು ಬಂದರೆ ಇಬ್ಬರ ಮುಖವೂ ಸಪ್ಪಗಾಗುತ್ತದೆ. 'ಛೆ, ಇಲ್ಲೂ ಜನ!' ಇಬ್ಬರೂ ಮನಸ್ಸಿನಲ್ಲೇ ಬೈದುಕೊಂಡು, ಇನ್ನೊಬ್ಬರು ಫೋಟೊದಿಂದ ಆಚೆ ಹೋಗುವ ತನಕ ಸುಮ್ನೆ ಕಾಯುತ್ತಾರೆ. ಆಮೇಲೆ ಫೋಟೊ. ಕೆಳಗೆ 'ಯಾರೂ ಕಾಣದ ತೀರ' ಎಂಬ ಸಾಲು, ಜೊತೆಗೆ ಜಾಗದ ಗುರುತು.

ಮಟೋಲ್ ನದಿ ಸಮುದ್ರ ಸೇರುವ ಜಾಗದಿಂದ ಬ್ಲ್ಯಾಕ್ ಸ್ಯಾಂಡ್ಸ್ ಬೀಚಿಗೆ ನಡೆದರೆ ಸುಮಾರು 25 ಮೈಲಿ, ಸಾಮಾನ್ಯವಾಗಿ ಮೂರು ದಿನ. ಕಾರು ಒಂದು ತುದಿಯಲ್ಲಿ, ನೀವು ಇನ್ನೊಂದು ತುದಿಯಲ್ಲಿ. ಅದಕ್ಕೂ ವ್ಯವಸ್ಥೆ ಇದೆ. ದುಡ್ಡು ಕೊಟ್ಟರೆ ವ್ಯಾನು ಬೆಟ್ಟ ಸುತ್ತಿ ಸುಮಾರು ಎರಡು ಗಂಟೆಯಲ್ಲಿ ತಲುಪಿಸುತ್ತದೆ. ಮೂರು ದಿನ ಕಾಲು ಬೊಬ್ಬೆ ಬರಿಸಿಕೊಂಡದ್ದೆಲ್ಲ ಒಂದು ನಿದ್ದೆಯಲ್ಲಿ ವಾಪಸ್.

ಪುಂಟಾ ಗೋರ್ಡಾದ ಖಾಲಿ ಸ್ತಂಭ ಈಗಲೂ ನಿಂತಿದೆ. ಬೆನ್ನ ಮೇಲೆ ಮೂಟೆ, ಶೂ ತುಂಬ ಮರಳು, ಕೈಯಲ್ಲಿ ಪರ್ಮಿಟ್ಟು ಹಿಡಿದು ಅದರ ಮುಂದೆ ನಿಂತವನನ್ನು ಅಂದಿನ ಕಾವಲುಗಾರನೇನಾದರೂ ನೋಡಿದರೆ, ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಿದ್ದ:

'ನಿಂದೇನಪ್ಪಾ ಕೇಸು?'