ಸಿಗ್ನಲ್ ಪೆಟ್ಟಿಗೆಗೆ ಚಿತ್ರ ಬರೆಯುವ ಮೊದಲು ಅದನ್ನು ತೊಳೆಯಿರಿ

ರಸ್ತೆ ಮೂಲೆಯಲ್ಲಿ ಬೂದು ಬಣ್ಣ ಬಳಿದುಕೊಂಡು ನಿಂತಿರುವ, ಟ್ರಾಫಿಕ್ ದೀಪಗಳನ್ನು ನಿಯಂತ್ರಿಸುವ ಸಿಗ್ನಲ್ ಪೆಟ್ಟಿಗೆ, ಕೇಬಲ್ ಪೆಟ್ಟಿಗೆಗಳ ಮೇಲೆ ಬೀದಿಯವರೇ ಕೂಡಿ ಚಿತ್ರ ಬರೆಯುವುದು ಬಹಳ ಒಳ್ಳೆಯ ಕೆಲಸ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 1999ರಲ್ಲೇ ಸ್ವಯಂಸೇವಕರು ಇದನ್ನು ಶುರುಮಾಡಿದ್ದರು. ಆದರೆ ಇಂಥ ಗುಂಪುಗಳಲ್ಲಿ ಚರ್ಚೆಯೆಲ್ಲ ಏನು ಬರೆಯೋಣ ಎಂಬುದರ ಸುತ್ತಲೇ ನಡೆಯುತ್ತದೆ. ಎರಡು ದಿನದ ಕೆಲಸವಿದ್ದರೆ ಒಂದು ದಿನ ಪೂರ್ತಿ ತೊಳೆಯಲು, ಉಜ್ಜಲು, ಬಣ್ಣ ಹಿಡಿಯಲೆಂದು ಅಡಿಯಲ್ಲಿ ಬಳಿಯುವ ಪ್ರೈಮರ್ ಹಚ್ಚಲು ಮೀಸಲಿಡಬೇಕು ಅನ್ನುವುದು ನನ್ನ ವಾದ. ಒಂದೇ ಮಳೆಗಾಲಕ್ಕೆ ಚಿತ್ರ ಸಿಪ್ಪೆ ಎದ್ದರೆ ಎರಡನೇ ಸಲ ಜನ ಸೇರಿಸುವುದು ಕಷ್ಟ.

ಮೊದಲು ಪೆಟ್ಟಿಗೆ ಯಾರದೋ ಅವರಿಂದ ಲಿಖಿತ ಅನುಮತಿ. ಅದಾದಮೇಲೆ ಒಣಬೆರಳಿನಿಂದ ಪೆಟ್ಟಿಗೆಯನ್ನು ಒರೆಸಿ ನೋಡಿ. ಬೆರಳಿಗೆ ಸುಣ್ಣದಂಥ ಪುಡಿ ಹತ್ತಿದರೆ ಹಳೆಯ ಬಣ್ಣ ಬಿಸಿಲಿಗೆ ಸತ್ತಿದೆ ಎಂದರ್ಥ. ಅದರ ಮೇಲೆ ಎಷ್ಟು ದುಬಾರಿ ಬಣ್ಣ ಹಚ್ಚಿದರೂ ಅದು ಹಿಡಿಯುವುದು ಪುಡಿಯನ್ನು, ಲೋಹವನ್ನಲ್ಲ. ಸೋಪುನೀರಲ್ಲಿ ತೊಳೆದು, ಒಣಗಿಸಿ, 220 ನಂಬರಿನ ಉಪ್ಪುಕಾಗದದಿಂದ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಿ, ಧೂಳು ಒರೆಸಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದೆಂಬ ಅನುಮಾನವಿದ್ದರೆ ಪರೀಕ್ಷೆ ಮಾಡಿಸದೆ ಉಜ್ಜಬೇಡಿ.

ಸತು ಲೇಪಿಸಿದ ಉಕ್ಕಿಗೆ ನೇರವಾಗಿ ಎಣ್ಣೆಯ ಎನಾಮಲ್ ಬಳಿಯುವುದು ದೊಡ್ಡ ತಪ್ಪು. ಸತುವು ಆ ಎಣ್ಣೆಯೊಂದಿಗೆ ಸೇರಿ ಸೋಪಿನಂಥ ಪದರ ಕಟ್ಟುತ್ತದೆ, ಬಣ್ಣ ಹಾಳೆಹಾಳೆಯಾಗಿ ಕಳಚುತ್ತದೆ. ಸತುವಿಗೆ ಒಪ್ಪುವ ಪ್ರೈಮರ್, ಅದರ ಮೇಲೆ ಹೊರಾಂಗಣದ ಅಕ್ರಿಲಿಕ್, ಇಷ್ಟಾದರೆ ಆ ಚಿಂತೆಯಿಲ್ಲ. 120 ಸೆಂ.ಮೀ. ಎತ್ತರ, 60 ಅಗಲ, 45 ಆಳದ ಪೆಟ್ಟಿಗೆಗೆ ತಲೆಭಾಗ ಸೇರಿ ಸುಮಾರು 2.8 ಚದರ ಮೀಟರ್ ಮೈ ಇರುತ್ತದೆ. ಅರ್ಧ ಲೀಟರ್ ಪ್ರೈಮರ್, ಎರಡು ಕೋಟ್ ತಳಬಣ್ಣಕ್ಕೆ ಮುಕ್ಕಾಲು ಲೀಟರ್ ಧಾರಾಳ. ಇಬ್ಬನಿ ಪೂರ್ತಿ ಆರಿದ ಮೇಲೆ ಶುರುಮಾಡಿ, ಲೋಹ ಕೈಗೆ ಸುಡುವಷ್ಟು ಕಾಯುವ ಮುಂಚೆ ನಿಲ್ಲಿಸಿ. ಕಾದ ತಗಡಿನ ಮೇಲೆ ಬಣ್ಣ ಹರಡುವ ಮೊದಲೇ ಒಣಗಿ ಕುಂಚದ ಗೆರೆ ಉಳಿಯುತ್ತದೆ.

ಈಗ ಬಾಗಿಲಿನ ವಿಷಯ. ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದನ್ನು ಬಣ್ಣ ಮುಚ್ಚಿಬಿಡುತ್ತದೆ. ರಿಪೇರಿಯವರು ಬಂದು ಎಳೆದು ತೆರೆದಾಗ ಚಿತ್ರದ ಅಂಚು ಹರಿಯುತ್ತದೆ, ಆ ಹರಿದ ಜಾಗದಿಂದಲೇ ನೀರು ಒಳಗೆ ಸೇರುತ್ತದೆ. ಪ್ರತಿ ಕೋಟ್ ಅರೆ ಒಣಗಿದಾಗ ಸಂದಿನುದ್ದಕ್ಕೂ ತೆಳು ಬ್ಲೇಡ್ ಎಳೆಯಿರಿ. ಗಾಳಿಕಿಂಡಿ, ಬೀಗ, ಕೀಲು, ರಬ್ಬರ್ ಪಟ್ಟಿ, ಪೆಟ್ಟಿಗೆಯ ನಂಬರು, ಅಪಾಯದ ಫಲಕ, ಇವಕ್ಕೆ ಬಣ್ಣ ತಾಗದಂತೆ ಮೊದಲೇ ಟೇಪ್ ಹಚ್ಚಿ, ಕೆಲಸ ಮುಗಿದ ಕೂಡಲೇ ಕಿತ್ತುಬಿಡಿ. ಮರೆತ ಟೇಪ್ ಗಾಳಿಕಿಂಡಿ ಮುಚ್ಚಿಕೊಂಡಿದ್ದರೆ ಒಳಗಿನ ಎಲೆಕ್ಟ್ರಾನಿಕ್ಸ್ ಬೇಯುತ್ತದೆ. ಇದೇ ಕಾರಣಕ್ಕೆ ಬಿಸಿಲು ಬಡಿಯುವ ಮಗ್ಗುಲಿಗೆ ಕಪ್ಪು, ಕಡುನೀಲಿ ಬೇಡ.

ಫ್ಲೋರೆಸೆಂಟ್ ಬಣ್ಣಗಳು ಬೇಗ ಮಂಕಾಗುತ್ತವೆ. ಕಾವಿಯಂಥ ಐರನ್ ಆಕ್ಸೈಡ್ ಬಣ್ಣಗಳು, ಥ್ಯಾಲೋ ಎಂಬ ರಾಸಾಯನಿಕ ವರ್ಣದ್ರವ್ಯದ ನೀಲಿ, ಹಸಿರು ಬಾಳಿಕೆಯವು. ಕೆಳಗಿನ 15 ಸೆಂ.ಮೀ. ಕೆಸರು, ನಾಯಿಮೂತ್ರಕ್ಕೆ ಸಿಕ್ಕುವ ಭಾಗ, ಅಲ್ಲಿ ಸೂಕ್ಷ್ಮ ಚಿತ್ರ ಬೇಡ, ಒಂದೇ ಗಾಢ ಪಟ್ಟಿ ಸಾಕು.

ಮೇಲಿನ ಪಾರದರ್ಶಕ ಕೋಟ್‌ಗೆ ಆತುರ ಬೇಡ. ಕೆಳಗಿನ ಬಣ್ಣದ ತೇವ ಹೋಗದೆ ಹಚ್ಚಿದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಮಾರ್ಕರ್ ಗೆರೆಗಳಿದ್ದರೆ ಮೂಲೆಯೊಂದರಲ್ಲಿ ಪರೀಕ್ಷಿಸಿ, ಕುಂಚ ತಾಗಿದರೆ ಕೆಲವು ಮಾರ್ಕರ್‌ಗಳ ಶಾಯಿ ಕದಡುತ್ತದೆ. ಎರಡು ಡಬ್ಬಿ ಬೆರೆಸುವ ಪಾಲಿಯುರೆಥೇನ್ ಗಟ್ಟಿಯಾದದ್ದು ನಿಜ, ಆದರೆ ಅದನ್ನು ಗಟ್ಟಿಯಾಗಿಸುವ ಐಸೊಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಅಪಾಯ. ಮಕ್ಕಳು ಸೇರುವ ಕೆಲಸಕ್ಕೆ ಅದನ್ನು ತರಲೇಬಾರದು.

ಬೆಂಕಿ ನಂದಿಸುವ ಹೈಡ್ರೆಂಟ್‌ಗಳನ್ನು ಮಾತ್ರ ಬಿಟ್ಟುಬಿಡಿ. ಹಲವೆಡೆ ಅವುಗಳ ಬಣ್ಣವೇ ನೀರಿನ ಹರಿವಿನ ಗುರುತು. ಅಮೆರಿಕದ ಅಗ್ನಿಸುರಕ್ಷತಾ ಸಂಸ್ಥೆಯ ಎನ್‌ಎಫ್‌ಪಿಎ 291 ಶಿಫಾರಸಿನಲ್ಲಿ ತಿಳಿನೀಲಿ ಎಂದರೆ ನಿಮಿಷಕ್ಕೆ 1500 ಗ್ಯಾಲನ್ ಅಥವಾ ಹೆಚ್ಚು, ಕೆಂಪು ಎಂದರೆ 500ಕ್ಕಿಂತ ಕಡಿಮೆ.

ಪ್ರತಿ ಬಣ್ಣದಲ್ಲೂ 100 ಮಿ.ಲೀ. ಎತ್ತಿಟ್ಟು, ಬಾಟಲಿಯ ಮೇಲೆ ಪೆಟ್ಟಿಗೆಯ ನಂಬರು, ಬಣ್ಣದ ಹೆಸರು, ಹಚ್ಚಿದ ತಾರೀಖು ಬರೆದು, ಅದೇ ಬೀದಿಯ ಒಬ್ಬರ ಕೈಗೆ ಕೊಡಿ. ಮೊದಲ ಗೀರು ಬಿದ್ದ ವಾರವೇ ಅವರು ತಿದ್ದುವಂತಿರಬೇಕು.