ಕಿಲೋಮೀಟರ್ ಮುಗಿದ ಕೂಡಲೇ ಪಾರ್ಟ್ ಬದಲಿಸಬೇಕಾ? ಪರ-ವಿರೋಧ

ಪರ: ಪುಸ್ತಕದಲ್ಲಿ ಹೇಳಿದಾಗಲೇ ಬದಲಿಸಿ

ಯಾವ ಪಾರ್ಟ್ ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಅಂತ ಬರೆದು ಕಾರಿನ ಜೊತೆ ಕೊಡುವ ಪುಸ್ತಕವನ್ನು ಡ್ಯಾಶ್‌ಬೋರ್ಡಿನಿಂದ ಹೊರಗೆ ತೆಗೆಯದವರೇ ಜಾಸ್ತಿ. ಗಾಡಿ ಚೆನ್ನಾಗಿ ಓಡ್ತಿದೆಯಲ್ಲ, ಸುಮ್ನೆ ಯಾಕೆ ಬಿಚ್ಚಿಸಬೇಕು ಅಂತಾರೆ. ಆದರೆ ಕೆಲವು ಭಾಗಗಳು ಕೆಡುವ ಮೊದಲು ಒಂದು ಸದ್ದೂ ಮಾಡುವುದಿಲ್ಲ.

ಎಂಜಿನ್‌ನ ಪಿಸ್ಟನ್, ವಾಲ್ವ್‌ಗಳನ್ನು ತಾಳ ತಪ್ಪದಂತೆ ಓಡಿಸುವ ಟೈಮಿಂಗ್ ಬೆಲ್ಟ್ ತಗೊಳ್ಳಿ. ಎಷ್ಟೋ ಕಾರುಗಳಿಗೆ ಬೆಲ್ಟ್ ಬದಲು ಚೈನ್ ಇರುತ್ತದೆ, ಆ ಮಾತು ಬೇರೆ. ಬೆಲ್ಟ್ ಇದ್ದರೆ ಅದು ಕವರಿನ ಒಳಗಿರುತ್ತದೆ. ಓಡುವಾಗ ಹರಿಯಿತು ಅಂದರೆ ಬಹಳಷ್ಟು ಎಂಜಿನ್‌ಗಳಲ್ಲಿ ಪಿಸ್ಟನ್ ಬಂದು ವಾಲ್ವ್‌ಗೆ ಬಡಿಯುತ್ತದೆ, ವಾಲ್ವ್ ಬಾಗುತ್ತದೆ, ಎಂಜಿನ್‌ನ ಮೇಲ್ಭಾಗ, ಅಂದರೆ ಹೆಡ್ ಇಳಿಸಬೇಕಾಗುತ್ತದೆ. ಬೆಲ್ಟ್ ಉಳಿಸಲು ಹೋಗಿ ಎಂಜಿನ್ ಕೆಲಸ!

ಬ್ರೇಕ್ ಆಯಿಲ್ ಇನ್ನೂ ಮೋಸದ್ದು. ಅದು ಗಾಳಿಯಿಂದ ನೀರಿನ ಅಂಶ ಹೀರುತ್ತಾ ಹೋಗುತ್ತದೆ. ಡಾಟ್ 3 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಆಯಿಲ್‌ಗೆ ಆ ಮಿತಿ 140ಕ್ಕೆ ಇಳಿಯುತ್ತದೆ. ಹುಬ್ಬಳ್ಳಿಯಿಂದ ಅಂಕೋಲಾ ಕಡೆ ಹೊರಟು ಅರಬೈಲ್ ಘಟ್ಟದಲ್ಲಿ ಬ್ರೇಕ್ ಒತ್ತುತ್ತಲೇ ಇಳಿಯುವಾಗ ಆ ಹಳೇ ಆಯಿಲ್ ಕುದ್ದು ಗುಳ್ಳೆ ಎದ್ದರೆ ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಊರೊಳಗೆ ಓಡಾಡುವಾಗ ಇದರ ಸುಳಿವೇ ಸಿಗುವುದಿಲ್ಲ.

ಇನ್ನೊಂದು ಮಾತು. ಅಚ್ಚಾದ ಲೆಕ್ಕ ಹಿಡಿದು ಹೋದರೆ ಯಾರ ಮಾತನ್ನೂ ನಂಬಬೇಕಾಗಿಲ್ಲ. ಗ್ಯಾರೇಜಿನವರು ಹೆದರಿಸಿದರೂ ಅಷ್ಟೇ, ಏನೂ ಆಗಲ್ಲ ಬಿಡಿ ಸರ್ ಅಂದರೂ ಅಷ್ಟೇ.

ವಿರೋಧ: ನೋಡಿ, ಅಳೆದು, ಆಮೇಲೆ ಬದಲಿಸಿ

ಟೈಮಿಂಗ್ ಬೆಲ್ಟ್, ಬ್ರೇಕ್ ಆಯಿಲ್ ವಿಷಯದಲ್ಲಿ ನನ್ನದೂ ಅದೇ ಮಾತು. ಕಣ್ಣಿಗೆ ಕಾಣದ್ದನ್ನು ಲೆಕ್ಕದ ಮೇಲೆಯೇ ಬದಲಿಸಬೇಕು. ಆದರೆ ಗ್ಯಾರೇಜ್ ಬಿಲ್ಲು ಉಬ್ಬುವುದು ಕಾಣುವ ಭಾಗಗಳಿಂದಲೇ ಅಲ್ವಾ?

ದಿನಾ ಗದಗದಿಂದ ಹುಬ್ಬಳ್ಳಿಗೆ ಹೈವೇಯಲ್ಲಿ ಬರುವವರ ಬ್ರೇಕ್ ಪ್ಯಾಡ್ ಮತ್ತು ದುರ್ಗದಬೈಲ್ ಸಂದಣಿಯಲ್ಲಿ ಹೆಜ್ಜೆಗೊಮ್ಮೆ ಬ್ರೇಕ್ ಹಾಕುವವರ ಪ್ಯಾಡ್ ಒಂದೇ ಕಿಲೋಮೀಟರಿಗೆ ಸವೆಯಲು ಹೇಗೆ ಸಾಧ್ಯ? ಹೊಸ ಪ್ಯಾಡ್ ಸುಮಾರು 10 ಮಿಲಿಮೀಟರ್ ದಪ್ಪ ಇರುತ್ತದೆ. 3ರ ಹತ್ತಿರ ಬಂದರೆ ಬದಲಿಸಿ. 6 ಇದ್ದರೆ ಯಾಕೆ ಬಿಸಾಡಬೇಕು? ಚಕ್ರ ಬಿಚ್ಚಿ ತೋರಿಸಿ ಅಂತ ಕೇಳಿ. ಟೈರಿನ ತೋಡುಗಳಲ್ಲಿ 1.6 ಮಿಲಿಮೀಟರ್ ಆಳ ಉಳಿದಾಗ ಗೊತ್ತಾಗಲೆಂದೇ ಅಡ್ಡ ಗೆರೆ ಇಟ್ಟಿರುತ್ತಾರೆ. ಬ್ಯಾಟರಿಗೆ ಟೆಸ್ಟರ್ ಇದೆ. ಗಾಡಿ ಕೆಲ ಗಂಟೆ ನಿಂತ ಮೇಲೆ 12.6 ವೋಲ್ಟ್ ಆಸುಪಾಸು ತೋರಿಸಿದರೆ ಚಾರ್ಜು ಸರಿ ಇದೆ, ಭಾರ ಹಾಕಿ ನೋಡುವ ಲೋಡ್ ಟೆಸ್ಟಿನಲ್ಲೂ ನಿಂತರೆ ಹೊಸದು ಬೇಡ.

ಪುಸ್ತಕದ ಲೆಕ್ಕ ಇನ್ನೊಂದು ಕಡೆಯೂ ತಪ್ಪುತ್ತದೆ. ನಮ್ಮ ಹುಬ್ಬಳ್ಳಿ ಧೂಳು ಅದಕ್ಕೇನು ಗೊತ್ತು? ರಸ್ತೆ ಕೆಲಸ ನಡೆಯುವ ಕಡೆ ದಿನಾ ಓಡಾಡುವ ಗಾಡಿಯ ಏರ್ ಫಿಲ್ಟರ್ ಹೇಳಿದ ಕಿಲೋಮೀಟರಿಗಿಂತ ಎಷ್ಟೋ ಮೊದಲೇ ಕಟ್ಟಿಕೊಂಡಿರುತ್ತದೆ. ಧೂಳಿನ ಕಡೆ ಬೇಗ ಬದಲಿಸಿ ಅಂತ ಅದೇ ಪುಸ್ತಕದ ಮೂಲೆಯಲ್ಲಿ ಬರೆದಿರುತ್ತಾರೆ, ಯಾರೂ ಓದುವುದಿಲ್ಲ.

ಯಾರನ್ನೂ ನಂಬಬೇಕಾಗಿಲ್ಲ ಅನ್ನುವುದೂ ಸರಿಯಲ್ಲ. ಕೌಂಟರಿನಲ್ಲಿ ಕೊಡುವ ಸರ್ವಿಸ್ ಪ್ಯಾಕೇಜ್ ಪಟ್ಟಿಯೇ ಬೇರೆ, ಕಂಪನಿ ಪುಸ್ತಕವೇ ಬೇರೆ. ಎಂಜಿನ್ ಫ್ಲಷ್, ಇಂಜೆಕ್ಟರ್ ಕ್ಲೀನಿಂಗ್ ಅಂತ ಪಟ್ಟಿಯಲ್ಲಿ ಸೇರಿಸಿ ಇದು ನಿಯಮ ಸರ್ ಅಂತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ನಂಬಿಕೆ ಬೇಕೇ ಬೇಕು, ಅದನ್ನು ಕಟ್ಟುವ ದಾರಿಯೂ ಇದೆ. ಗೋಕುಲ ರಸ್ತೆಯ ದೊಡ್ಡ ಸರ್ವಿಸ್ ಸೆಂಟರ್ ಇರಲಿ, ಹಾವೇರಿಯ ಒಂದು ಶಟರಿನ ಗ್ಯಾರೇಜ್ ಇರಲಿ, ಕೆಲಸ ಶುರುವಾಗುವ ಮೊದಲೇ ಹಳೇ ಪಾರ್ಟ್ ನನ್ನ ಕೈಗೆ ಬರಬೇಕು ಅಂತ ಹೇಳಿ. ಅಂದಾಜು ಖರ್ಚನ್ನು ಪಾರ್ಟ್‌ಗೆ ಎಷ್ಟು, ಕೂಲಿಗೆ ಎಷ್ಟು ಅಂತ ಬೇರೆಬೇರೆ ಬರೆಸಿಕೊಳ್ಳಿ. ಒಳ್ಳೆ ಮೆಕ್ಯಾನಿಕ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. "ಇದು ಇನ್ನೂ ಐದು ಸಾವಿರ ಓಡ್ತದ, ಈಗ ಬ್ಯಾಡ ಬಿಡ್ರಿ" ಅಂತ ತನ್ನ ಲಾಭ ಬಿಟ್ಟು ಹೇಳುವವರು ನಮ್ಮ ಊರುಗಳಲ್ಲಿ ಇದ್ದಾರೆ. ಅಂಥವರು "ಇದನ್ನ ಇವತ್ತೇ ಬದಲಿ ಮಾಡ್ರಿ" ಅಂದ ದಿನ ದುಡ್ಡಿನ ಚೌಕಾಸಿ ಮಾಡದೆ ಬದಲಿಸಿ.