ಸೋಡಿಯಂ ಕಡಿಮೆ ಇದ್ದರೆ ಮೂಳೆಗೂ ಪೆಟ್ಟು

ರಕ್ತದಲ್ಲಿ ಸೋಡಿಯಂ (ಉಪ್ಪಿನಲ್ಲಿರುವ ಅಂಶ) ಕಡಿಮೆಯಾದರೆ ಸುಸ್ತು, ಮರೆವು ಬರುತ್ತದೆ ಅಂತ ಒಂದು ಲೇಖನ ಓದಿದೆ. ಅದರಲ್ಲಿ ಮೂಳೆಯ ಮಾತೇ ಬಿಟ್ಟುಹೋಗಿದೆ ಅಲ್ವಾ? ಸಕಲೇಶಪುರದ ನಮ್ಮ ಅತ್ತೆ ಬಿಪಿಗೆ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ನುಂಗುತ್ತಿದ್ದರು. ಕಾಫಿ ಕಣದಲ್ಲಿ, ಸಮತಟ್ಟು ನೆಲದಲ್ಲೇ ಮುಗ್ಗರಿಸಿ ಸೊಂಟದ ಮೂಳೆ ಮುರಿಯಿತು. ಹಾಸನದಲ್ಲಿ ರಕ್ತ ಪರೀಕ್ಷೆ ಮಾಡಿದರೆ ಸೋಡಿಯಂ 126. ಇರಬೇಕಾದ್ದು 135ರಿಂದ 145. ಹಳೇ ರಿಪೋರ್ಟ್‌ಗಳಲ್ಲೂ 130ರ ಆಸುಪಾಸೇ! ಯಾರೂ ಗಮನಿಸಿರಲಿಲ್ಲ, ನಾವೂ ಸೇರಿ.

ದೇಹದ ಸೋಡಿಯಂನಲ್ಲಿ ಸುಮಾರು ಮೂರನೇ ಒಂದು ಪಾಲು ಮೂಳೆಯಲ್ಲೇ ಇರುತ್ತದೆ. ರಕ್ತದಲ್ಲಿ ಬಹುಕಾಲ ಕಡಿಮೆಯಿದ್ದರೆ ಮೂಳೆ ಕರಗಿಸುವ ಕೋಶಗಳು ಚುರುಕಾಗುತ್ತವೆ. 2010ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದ್ದಾರೆ. ಜೊತೆಗೆ ನಡಿಗೆಯೂ ತೂರಾಡುತ್ತದೆ. ಹಾಗಂತ ಸುಮ್ನೆ ಉಪ್ಪು ಸುರಿಯಬೇಡಿ, ಕಾರಣ ಏನೆಂದು ಡಾಕ್ಟರೇ ನೋಡಬೇಕು. ಅತ್ತೆಗೆ ಆ ಬಿಪಿ ಮಾತ್ರೆಯೇ ಕಾರಣ ಅಂತ ಡಾಕ್ಟರು ಅದನ್ನು ಬದಲಾಯಿಸಿದರು. ಈಗ 136.